ರೋಮ್, ಫ್ಲಾರೆನ್ಸ್, ವೆನಿಸ್: ನೀರಿನ ಜಾಡು ಹಿಡಿದು ಮೂರು ಹಳೆಯ ಊರುಗಳು

ಕ್ಯಾತ್ಸಂದ್ರದ ಟೀಚರ್

ಹೊರದೇಶದ ಹಳೆಯ ನಗರಗಳನ್ನು ನೋಡಲು ಹೊರಡುವ ದಂಪತಿಗಳಿಗೆ ನಾನು ಹೇಳುವುದು ಇಷ್ಟೇ: ಜಾಗಗಳ ಪಟ್ಟಿ ಹಿಡಿದು ಹೋಗಬೇಡಿ, ಯಾವುದಾದರೂ ಒಂದು ಎಳೆ ಹಿಡಿದು ಹೋಗಿ. ನಾವು ಇಟಲಿಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ಮೂರನ್ನೇ ನೋಡಿದೆವು. ಹಿಡಿದ ಎಳೆ ನೀರು. ನಮ್ಮ ಮನೆಯವರು ಸಣ್ಣ ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ತೂಬು, ಕೋಡಿ, ಏರಿ ಎನ್ನುತ್ತಲೇ ತುಮಕೂರು ಜಿಲ್ಲೆಯ ಉದ್ದಗಲ ಓಡಾಡಿದವರು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಅವರಿಗೆ ಕಟ್ಟಡದ ಲೆಕ್ಕ ಬೇಕು, ನನಗೆ ಕಟ್ಟಿಸಿದವರ ಕಥೆ ಬೇಕು. ಇಬ್ಬರಿಗೂ ಒಪ್ಪುವ ವಿಷಯ ನೀರೊಂದೇ ಆಗಿತ್ತು.

ರೋಮ್‌ನಿಂದ ಶುರು ಮಾಡುತ್ತೇನೆ. ಎಲ್ಲರೂ ಮೊದಲು ಓಡುವುದು ಕೊಲೊಸಿಯಮ್‌ಗೆ. ಅದು ನಿಂತಿರುವ ಜಾಗ ಮೊದಲು ಕೆರೆಯಾಗಿತ್ತು ಎಂಬುದನ್ನು ತಿಳಿದುಕೊಂಡು ನೋಡಿದರೆ ನೋಟವೇ ಬದಲಾಗುತ್ತದೆ. ನೀರೋ ಚಕ್ರವರ್ತಿ ತನ್ನ ಚಿನ್ನದ ಅರಮನೆಯ ಮುಂದೆ ಕೃತಕ ಕೆರೆ ತೋಡಿಸಿದ್ದ. ಅವನ ನಂತರ ಬಂದ ವೆಸ್ಪಾಸಿಯನ್ ಆ ಕೆರೆಯ ನೀರು ಬಸಿದು ಅಲ್ಲಿಯೇ ಜನರಿಗಾಗಿ ಕ್ರೀಡಾಂಗಣ ಕಟ್ಟಿಸಲು ತೊಡಗಿದ. ಕ್ರಿ.ಶ. 80ರಲ್ಲಿ ಅವನ ಮಗ ಟೈಟಸ್ ಅದನ್ನು ಉದ್ಘಾಟಿಸಿದ. ಬೆಂಗಳೂರಿನ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದದ್ದು ನಮ್ಮ ಮನೆಯವರಿಗೆ ತಕ್ಷಣ ನೆನಪಾಯಿತು. ಕಲ್ಲಿನ ಕಮಾನುಗಳನ್ನು ಬಿಟ್ಟು, ನೀರು ಬಸಿಯಲು ಮಾಡಿದ ಮೋರಿಗಳನ್ನೇ ಹುಡುಕುತ್ತ ಅವರು ಬಹಳ ಹೊತ್ತು ತಿರುಗಿದರು.

ಟ್ರೆವಿ ಕಾರಂಜಿ ಎಂದರೆ ಬೆನ್ನು ತಿರುಗಿಸಿ ನಾಣ್ಯ ಎಸೆಯುವ ಜಾಗ ಎಂದಷ್ಟೇ ಎಲ್ಲರಿಗೂ ಗೊತ್ತು. ಅದು ಒಂದು ಕಾಲುವೆಯ ಕೊನೆ. ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಎಂಬ ಸೇನಾಪತಿ ಊರಾಚೆಯ ಊಟೆಗಳಿಂದ ಸುಮಾರು 20 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ನೀರು ತರಿಸಿದ. ಆ ಕಾಲುವೆಯ ಹೆಸರು ಆಕ್ವಾ ವಿರ್ಗೊ. ಬಹುಪಾಲು ನೆಲದಡಿಯಲ್ಲೇ ಹರಿಯುತ್ತದೆ. ಅದೇ ಜಾಡಿನ ತುದಿಯಲ್ಲಿ 1762ರಲ್ಲಿ ಮುಗಿದದ್ದು ಈಗ ನಾವು ನೋಡುವ ಕಾರಂಜಿ. ಅಲ್ಲಿಂದ ಒಂದೆರಡು ಬೀದಿ ದಾಟಿದರೆ ವಿಕುಸ್ ಕಪ್ರಾರಿಯುಸ್ ಎಂಬ ನೆಲಮಾಳಿಗೆಯ ಉತ್ಖನನ ಸ್ಥಳವಿದೆ. ರೋಮನ್ನರ ಕಾಲದ ನೀರಿನ ತೊಟ್ಟಿಯನ್ನು ಅಲ್ಲಿ ಹತ್ತಿರದಿಂದಲೇ ನೋಡಬಹುದು. ಕಾರಂಜಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ, ಈ ಮಾಳಿಗೆಯಲ್ಲಿ ಬೆರಳೆಣಿಕೆಯ ಜನ ಇದ್ದರು.

ಇಡೀ ಪ್ರವಾಸದಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಊರಾಚೆಯ ಕಾಲುವೆಗಳ ಉದ್ಯಾನ. ಮೆಟ್ರೊ ಎ ಮಾರ್ಗದಲ್ಲಿ ಜೂಲಿಯೊ ಅಗ್ರಿಕೊಲಾ ನಿಲ್ದಾಣದಲ್ಲಿ ಇಳಿದು ನಡೆದರೆ ಸಾಕು, ಪ್ರವೇಶ ಶುಲ್ಕವಿಲ್ಲ. ಹುಲ್ಲುಗಾವಲಿನ ನಡುವೆ ಆಕ್ವಾ ಕ್ಲಾಡಿಯಾದ ಕಮಾನುಗಳು ಸಾಲಾಗಿ ನಿಂತಿವೆ. ಕ್ರಿ.ಶ. 38ರಲ್ಲಿ ಕಲಿಗುಲ ಆರಂಭಿಸಿದ ಕೆಲಸವನ್ನು 52ರಲ್ಲಿ ಕ್ಲಾಡಿಯಸ್ ಮುಗಿಸಿದ. ಅಷ್ಟೆತ್ತರದ ಕಮಾನು ಏಕೆ ಎಂದು ನಾನು ಕೇಳಿದೆ. ನಮ್ಮ ಮನೆಯವರು ಅಲ್ಲೇ ಹುಲ್ಲಿನ ಮೇಲೆ ಕುಳಿತು ವಿವರಿಸಿದರು. ಪಂಪು ಇಲ್ಲದ ಕಾಲದಲ್ಲಿ ನೀರು ತನ್ನಷ್ಟಕ್ಕೆ ಹರಿಯಬೇಕು. ಇಳಿಜಾರು ಹೆಚ್ಚಾದರೆ ಕಾಲುವೆ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಬೆಟ್ಟದಿಂದ ಊರಿನವರೆಗೆ ಅದೇ ಅಳತೆಯ ಇಳಿಜಾರು ಉಳಿಯಬೇಕೆಂದರೆ ನೆಲ ತಗ್ಗಾದಲ್ಲೆಲ್ಲ ಕಾಲುವೆಯನ್ನು ಎತ್ತಿ ಹಿಡಿಯಲೇಬೇಕು. ಕಮಾನುಗಳು ಅಂದಕ್ಕಾಗಿ ಬಂದವಲ್ಲ. ಇದನ್ನು ಒಂದು ಸಲ ಅರ್ಥ ಮಾಡಿಕೊಂಡ ಮೇಲೆ ಊರಿನ ಉಳಿದ ಕಲ್ಲುಗಳೂ ನಮ್ಮೊಡನೆ ಮಾತಾಡತೊಡಗಿದವು.

ಫ್ಲಾರೆನ್ಸ್, ವೆನಿಸ್ ಬಗ್ಗೆ ಮುಂದೆ ಬರೆಯುತ್ತೇನೆ. ಯಾರಿಗಾದರೂ ವೀಸಾ, ಊಟ, ರೈಲಿನ ವಿಷಯ ಬೇಕಿದ್ದರೆ ಕೇಳಿ.

ಕೋಲಾರ ಕೆರೆ ಏರಿ

ಮೇಡಂ, ಓದಿ ಬಹಳ ಸಂತೋಷವಾಯಿತು. ನಾನೂ ನನ್ನ ಹೆಂಡತಿಯೂ ರೋಮ್‌ಗೆ ಹೋಗಿಬಂದಿದ್ದೇವೆ, ಆದರೆ ಪ್ಯಾಕೇಜಿನಲ್ಲಿ. ಒಂದು ಸಂಸ್ಥೆಯವರು ಬಸ್ಸಿನಲ್ಲಿ ಕೂರಿಸಿ, ಇಳಿಸಿ, ಚಿತ್ರ ತೆಗೆಸಿ, ಮತ್ತೆ ಹತ್ತಿಸಿದರು. ರೋಮನ್ನರ ಕಾಲದ ಗುಡಿ ಪ್ಯಾಂಥಿಯನ್ ಒಳಗೆ ಹೋಗಲು ಸಮಯವೇ ಕೊಡಲಿಲ್ಲ, ಬಾಗಿಲಿನಿಂದಲೇ ಕರೆದುಕೊಂಡು ಹೋದರು. ಆ ನೋವು ಇನ್ನೂ ಹೋಗಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ರಸ್ತೆಬದಿಯ ನಲ್ಲಿಗಳು. ಎರಕದ ಕಬ್ಬಿಣದ ಗಿಡ್ಡ ಕಂಬ, ಅದಕ್ಕೆ ಬಾಗಿದ ಮೂಗು, ಅದರಿಂದ ತಣ್ಣನೆಯ ನೀರು ಸದಾ ಹರಿಯುತ್ತಿರುತ್ತದೆ. 1870ರ ದಶಕದಿಂದಲೂ ಇವೆಯಂತೆ. ಊರಿನಲ್ಲಿ ಇಂಥವು ಎರಡು ಸಾವಿರಕ್ಕೂ ಹೆಚ್ಚು. ಮೂಗಿನ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರವಾಗಿ ಬಾಯಿಗೆ ಬರುತ್ತದೆ. ಅಲ್ಲಿ ನೀರು ಕುಡಿಯುವಾಗ ನಮ್ಮ ಅಂತರಗಂಗೆಯ ಬಸವನ ಬಾಯಿಯಿಂದ ಬೀಳುವ ನೀರಿಗೆ ಬೊಗಸೆ ಒಡ್ಡಿದ್ದೇ ನೆನಪಾಯಿತು. ಬರಗಾಲದ ಜಿಲ್ಲೆ ಎಂದು ಕರೆಸಿಕೊಂಡವರಿಗೆ, ಕಾಸು ಕೇಳದೆ ಹರಿಯುವ ನೀರಿನ ಬೆಲೆ ಚೆನ್ನಾಗಿ ಗೊತ್ತು.

ಪಾವಗಡ ಕೋಟೆ

ಎಲ್ಲರಿಗೂ ನಮಸ್ಕಾರ. ಯಾರ ಸಂತೋಷಕ್ಕೂ ಅಡ್ಡಿ ಬರುವ ಉದ್ದೇಶವಿಲ್ಲ. ಆದರೂ ಕೇಳಲೇಬೇಕಾದ ಮಾತು ಕೇಳುತ್ತೇನೆ. ಶಿರಾದ ಮಲಿಕ್ ರಿಹಾನ್ ಗೋರಿ, ಸೀಬಿ ನರಸಿಂಹ ದೇವಸ್ಥಾನದ ಚಾವಣಿಯ ಬಣ್ಣದ ಚಿತ್ರಗಳು, ಮಧುಗಿರಿಯ ಏಕಶಿಲಾ ಬೆಟ್ಟ, ಕೈದಾಳದ ಚೆನ್ನಕೇಶವ, ಇವನ್ನು ಸಾವಧಾನವಾಗಿ ನೋಡಿದ ತುಮಕೂರಿನವರು ಎಷ್ಟು ಜನ ಇದ್ದಾರೆ? ಲಕ್ಷಗಟ್ಟಲೆ ಖರ್ಚು ಮಾಡಿ ರೋಮ್‌ನ ಹಳೆಯ ಕಾಲುವೆ ನೋಡುವುದಕ್ಕಿಂತ, ನಮ್ಮದೇ ಊರಿನ ಕಲ್ಯಾಣಿಯ ಹೂಳು ತೆಗೆಸಬಹುದಲ್ಲವೇ? ಸೀಬಿಯ ಚಿತ್ರಗಳನ್ನು ನೋಡದೆ ವ್ಯಾಟಿಕನ್‌ನ ಸಿಸ್ಟೈನ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದ ಚಾವಣಿಯ ಚಿತ್ರ ನೋಡಲು ಸರದಿಯಲ್ಲಿ ನಿಲ್ಲುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಶಿವಾರಪಟ್ಟಣದ ಉಳಿ

ಪಾವಗಡದ ಅಣ್ಣನವರಿಗೆ ಉತ್ತರ ಕೊಡಲು ನನಗೆ ಹಕ್ಕಿದೆ ಎಂದುಕೊಳ್ಳುತ್ತೇನೆ. ನಾವು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದವರು, ಮನೆತನದ ಕೆಲಸವೇ ವಿಗ್ರಹ ಕೆತ್ತನೆ. ಕೋಲಾರಮ್ಮ, ಆವಣಿ, ಕುರುಡುಮಲೆ ಎಲ್ಲವನ್ನೂ ಚಿಕ್ಕಂದಿನಿಂದ ನೋಡುತ್ತಲೇ ಬೆಳೆದೆ. ಕುರುಡುಮಲೆ ಗಣಪತಿಯ ಮುಂದೆ ನಿಂತು ಅಳತೆ ಹಾಕುವುದನ್ನು ನನ್ನ ತಂದೆ ಕಲಿಸಿದರು. ಇಷ್ಟೆಲ್ಲ ನೋಡಿದ್ದರಿಂದಲೇ ಫ್ಲಾರೆನ್ಸ್‌ಗೆ ಹೋದಾಗ ನನಗೆ ಅಲ್ಲಿ ಕಾಣಬೇಕಾದ್ದು ಕಂಡಿತು.

ಅಕಾಡೆಮಿಯಾ ಗ್ಯಾಲರಿಯಲ್ಲಿ ಮೈಕೆಲೆಂಜಲೊನ ಡೇವಿಡ್ ಇದ್ದಾನೆ. ಎತ್ತರ 5.17 ಮೀಟರ್. 1501ರಿಂದ 1504ರವರೆಗಿನ ಕೆಲಸ. ಆ ಅಮೃತಶಿಲೆಯ ಬಂಡೆಯ ಮೇಲೆ ಬೇರೆ ಶಿಲ್ಪಿಗಳು ಮೊದಲೇ ಕೈಯಿಟ್ಟು, ಆಗದೆಂದು ಬಿಟ್ಟುಹೋಗಿದ್ದರು. ಹಲವು ದಶಕ ಮಳೆ ಬಿಸಿಲಿಗೆ ಬಿದ್ದಿದ್ದ ಕಲ್ಲು ಅದು. ಬೇರೊಬ್ಬರು ಅರ್ಧ ಕಡಿದ ಕಲ್ಲನ್ನು ಒಪ್ಪಿಕೊಳ್ಳಲು ನಮ್ಮಲ್ಲಿ ಯಾರೂ ಮುಂದೆ ಬರುವುದಿಲ್ಲ. ಪಾದದ ಜಾಗ ಎಲ್ಲಿ, ಮೊಣಕೈ ಎಲ್ಲಿ ಎಂಬ ಸ್ವಾತಂತ್ರ್ಯವೇ ಕೆಲಸಗಾರನಿಗೆ ಉಳಿದಿರುವುದಿಲ್ಲ. ಅಂಥ ಕಲ್ಲಿನಿಂದ ಆ ನಿಲುವನ್ನು ಹೊರತೆಗೆದನೆಂದರೆ ಆ ಕೈಗೆ ನಾನು ನಮಸ್ಕರಿಸುತ್ತೇನೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಡೇವಿಡ್ ಅಲ್ಲ. ಅವನ ಹತ್ತಿರ ಹೋಗುವ ಓಣಿಯ ಎರಡೂ ಬದಿಯಲ್ಲಿ ಅದೇ ಶಿಲ್ಪಿ ಪೂರ್ಣಗೊಳಿಸದೆ ಬಿಟ್ಟ ಸೆರೆಯಾಳುಗಳ ವಿಗ್ರಹಗಳಿವೆ. ಜನ ಅವನ್ನು ದಾಟಿ ಓಡುತ್ತಾರೆ. ಎದೆ, ತೊಡೆ ಹೊರಬಂದಿವೆ, ತಲೆ ಇನ್ನೂ ಕಲ್ಲಿನೊಳಗೇ ಇದೆ. ಚೂಪು ಉಳಿ ಎಲ್ಲಿ ಬಿತ್ತು, ಹಲ್ಲುಳಿ ಎಲ್ಲಿ ಸಾಗಿತು ಎಂಬ ಗುರುತುಗಳೆಲ್ಲ ಹಾಗೆಯೇ ಇವೆ. ಉಜ್ಜಿ ಹೊಳಪು ಕೊಟ್ಟ ಮೇಲೆ ಶಿಲ್ಪಿಯ ಹೆಜ್ಜೆ ಅಳಿಸಿಹೋಗುತ್ತದೆ, ಇಲ್ಲಿ ಅದು ಅಳಿಸಿಲ್ಲ. ಕಲ್ಲಿನ ಮುಂಭಾಗದಿಂದ ಒಳಕ್ಕೆ ಇಳಿಯುತ್ತಾ ಹೋಗಿದ್ದಾನೆ. ನಾವು ಕೃಷ್ಣಶಿಲೆಯ ನಾಲ್ಕೂ ಮುಖಕ್ಕೆ ಗೆರೆ ಹಾಕಿ, ಸುತ್ತಲೂ ಸಮನಾಗಿ ಇಳಿಯುತ್ತೇವೆ. ಎರಡು ದಾರಿಗಳ ವ್ಯತ್ಯಾಸವನ್ನು ಪುಸ್ತಕದ ಚಿತ್ರದಿಂದ ತಿಳಿಯಲು ಸಾಧ್ಯವೇ ಇರಲಿಲ್ಲ. ನನ್ನ ಹೆಂಡತಿ ಬೆಂಚಿನ ಮೇಲೆ ಕುಳಿತು ತಾಳ್ಮೆಯಿಂದ ಕಾದಳು, ನಾನು ಒಂದೊಂದೇ ವಿಗ್ರಹವನ್ನು ಸುತ್ತು ಬಂದೆ. ಹಣ ಸಾರ್ಥಕವಾಯಿತು ಎಂದು ಎದೆ ತಟ್ಟಿ ಹೇಳುತ್ತೇನೆ.

ಸೀಬಿಯ ವಿಷಯದಲ್ಲಿ ಅಣ್ಣನವರ ಮಾತು ಪೂರ್ತಿ ನಿಜ. ಅದನ್ನು ಎಲ್ಲರೂ ನೋಡಬೇಕು.

ಕ್ಯಾತ್ಸಂದ್ರದ ಟೀಚರ್

ಶಿವಾರಪಟ್ಟಣದವರೇ, ನಾವು ಆ ಓಣಿಯಲ್ಲಿ ಬೇಗ ನಡೆದುಬಿಟ್ಟವರ ಗುಂಪಿನವರು. ನಿಮ್ಮ ಬರಹ ಓದಿ ಮತ್ತೆ ಹೋಗಬೇಕು ಅನ್ನಿಸುತ್ತಿದೆ. ನೋಡಿ, ನಿಮ್ಮ ಎಳೆ ಕಲ್ಲು. ಒಂದೇ ಊರಿನಲ್ಲಿ ನೀವು ಕಂಡದ್ದು ಬೇರೆ, ನಾವು ಕಂಡದ್ದು ಬೇರೆ. ನಾನು ಹೇಳುತ್ತಿರುವುದೂ ಇದನ್ನೇ.

ಪಾವಗಡದವರೇ, ಕಲ್ಯಾಣಿಯ ಹೂಳಿನ ಬಗ್ಗೆ ನಿಮಗಿರುವ ಕಳಕಳಿ ನಮ್ಮ ಮನೆಯವರಿಗೂ ಇದೆ. ನಾಮದ ಚಿಲುಮೆ, ಸಿದ್ಧಗಂಗೆಯ ಊಟೆ, ಅಮಾನಿಕೆರೆ ಇವೆಲ್ಲ ಅವರಿಗೆ ಕೈರೇಖೆಯಷ್ಟು ಪರಿಚಿತ. ಆದರೆ ಇದೊಂದು, ಅದೊಂದು ಎಂದು ತಕ್ಕಡಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಿವೃತ್ತಿಯ ಹಣದಲ್ಲಿ ಗಂಡ ಹೆಂಡತಿ ಒಂದು ಸಲ ಕಡಲಾಚೆ ಹೋಗುವುದು ಊರಿಗೆ ಮಾಡುವ ದ್ರೋಹವಲ್ಲ.

ನಿಮಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. ಕ್ರಿ.ಶ. 97ರಲ್ಲಿ ಫ್ರಾಂಟಿನಸ್ ಎಂಬ ಹಿರಿಯ ಅಧಿಕಾರಿಯನ್ನು ರೋಮ್‌ನ ನೀರಿನ ಮೇಲ್ವಿಚಾರಣೆಗೆ ನೇಮಿಸಿದರು. ಅವನು ಕಾಲುವೆಗಳ ಲೆಕ್ಕ ತೆಗೆದಾಗ ಹೊರಟ ನೀರಿಗೂ ತಲುಪಿದ ನೀರಿಗೂ ತಾಳೆಯಾಗಲಿಲ್ಲ. ದಾರಿಯ ಜಮೀನಿನವರು ಕಾಲುವೆಗೆ ಕನ್ನ ಹಾಕಿದ್ದರು, ಊರೊಳಗೆ ಕೆಲಸಗಾರರೇ ಕೊಳವೆಗೆ ಕದ್ದು ತೂತು ಕೊರೆದು ನೀರು ಮಾರುತ್ತಿದ್ದರು. ಅನುಮತಿ ಪಡೆದ ಕೊಳವೆಗಳಿಗೆ ಗಾತ್ರದ ಮುದ್ರೆ ಇರಬೇಕೆಂಬ ನಿಯಮವನ್ನೂ ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಹೇಮಾವತಿ ನಾಲೆಗೆ ರಾತ್ರಿ ಪಂಪ್ ಇಳಿಸುವವರ ಹಿಂದೆ ಓಡಿದ ನಮ್ಮ ಮನೆಯವರು ಈ ಕಥೆ ಕೇಳಿ, ಸುಮಾರು ಎರಡು ಸಾವಿರ ವರ್ಷದ ಹಿಂದಿನ ಆ ಅಧಿಕಾರಿಯನ್ನು ತಮ್ಮ ಇಲಾಖೆಯವನೇ ಎಂಬಷ್ಟು ಹಚ್ಚಿಕೊಂಡರು.

ಗೌರಿಬಿದನೂರಿನ ಮಗ

ಅಕ್ಕ, ನನ್ನದು ಬೇರೆಯೇ ಪ್ರಶ್ನೆ. ಅಪ್ಪ ಅಮ್ಮನ ಮದುವೆಯ ಸುವರ್ಣ ವರ್ಷಕ್ಕೆ ಅವರಿಬ್ಬರನ್ನೇ ಕಳುಹಿಸಬೇಕೆಂದಿದ್ದೇನೆ. ಅಮ್ಮನಿಗೆ ಮಂಡಿನೋವು. ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಅಪ್ಪನಿಗೆ ಇಂಗ್ಲಿಷ್ ಸಾಕಷ್ಟು ಬರುತ್ತದೆ. ಎಲ್ಲವನ್ನೂ ಅವರೇ ನಿಭಾಯಿಸಬಲ್ಲರೇ, ಅಥವಾ ಗುಂಪಿನಲ್ಲಿ ಕಳುಹಿಸುವುದೇ ಕ್ಷೇಮವೇ?

ತಿಪಟೂರು ತೆಂಗು

ಗುಂಪಿನಲ್ಲೇ ಕಳುಹಿಸಿ ಎಂದು ನನ್ನ ಸಲಹೆ. ನನ್ನ ಅತ್ತೆ ಮಾವ ಗುಂಪಿನಲ್ಲಿ ಹೋಗಿ ಬಹಳ ಸಂತೋಷದಿಂದ ಬಂದರು. ಜೊತೆಗೆ ಅಡುಗೆಯವರಿದ್ದರು, ದಿನಾ ಅನ್ನ ಸಾರು. ಸಾಮಾನು ಹೊರುವ ಚಿಂತೆಯಿಲ್ಲ. ಮಾವನಿಗೆ ಒಂದು ದಿನ ರಕ್ತದೊತ್ತಡ ಏರಿದಾಗ ಜೊತೆಗಾರರೇ ವೈದ್ಯರನ್ನು ಕರೆಸಿದರು. ಎಳೆ ಹಿಡಿದು ನೋಡುವುದು ಓದಿಕೊಂಡವರಿಗೆ, ಕಾಲಲ್ಲಿ ಶಕ್ತಿಯಿರುವವರಿಗೆ ಚೆಂದ. ಹಿರಿಯರಿಗೆ ನೆಮ್ಮದಿ ಮುಖ್ಯ. ಟೀಚರ್ ಮೇಡಂ ಇದನ್ನು ಸ್ವಲ್ಪ ಯೋಚಿಸಬೇಕು.

ಚಿಂತಾಮಣಿಯವಳು

ನಾನು ಮಧ್ಯದ ದಾರಿ ಹೇಳುತ್ತೇನೆ. ನನ್ನ ಗಂಡ ಮತ್ತು ನಾನು ಸ್ವಂತವಾಗಿಯೇ ಹೋಗಿದ್ದೆವು, ನನ್ನ ಕಾಲಿಗೂ ಶಸ್ತ್ರಚಿಕಿತ್ಸೆ ಆಗಿತ್ತು. ಹಾಗಾಗಿ ಮೆಟ್ಟಿಲುಗಳ ಲೆಕ್ಕ ನನಗೆ ಬಾಯಿಪಾಠ.

ಕೊಲೊಸಿಯಮ್‌ನಲ್ಲಿ ಲಿಫ್ಟ್ ಇದೆ. ಫ್ಲಾರೆನ್ಸ್ ಕೆಥೆಡ್ರಲಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ದಾರಿ ಕಿರಿದು, ನಡುವೆ ಹಿಂದಿರುಗುವುದೂ ಕಷ್ಟ. ಅಮ್ಮನನ್ನು ಹತ್ತಿಸಬೇಡಿ. ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ 1420ರಿಂದ 1436ರವರೆಗೆ, ಕೆಳಗಿನಿಂದ ಮರದ ಆಸರೆಯ ಚೌಕಟ್ಟು ಕೊಡದೆಯೇ ಇಟ್ಟಿಗೆಯನ್ನು ಓರೆ ಸಾಲಾಗಿ ಕಚ್ಚಿಸಿ ಏರಿಸಿದ ಗುಮ್ಮಟ ಅದು. ಕೆಳಗೆ ನಿಂತು ನೋಡಿದರೂ ಮೈ ಝುಂ ಎನ್ನುತ್ತದೆ. ವೆನಿಸ್‌ನಲ್ಲಿ ಸೇಂಟ್ ಮಾರ್ಕ್ ಚೌಕದ ಗಂಟೆಗೋಪುರಕ್ಕೆ ಲಿಫ್ಟ್ ಇದೆ. ಹಳೆಯ ಗೋಪುರ 1902ರಲ್ಲಿ ಕುಸಿದುಬಿತ್ತು, ಈಗಿರುವುದು 1912ರಲ್ಲಿ ಮತ್ತೆ ಕಟ್ಟಿದ್ದು.

ವೆನಿಸ್‌ನಲ್ಲಿ ಒಂದು ಎಚ್ಚರಿಕೆ. ನಾನೂರಕ್ಕೂ ಹೆಚ್ಚು ಸೇತುವೆಗಳು, ಹೆಚ್ಚಿನವಕ್ಕೆ ಮೆಟ್ಟಿಲು. ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ನಾಲ್ಕು ಸೇತುವೆ ದಾಟಿದರೆ ರಜೆಯ ಉತ್ಸಾಹವೆಲ್ಲ ಅಲ್ಲೇ ಮುಗಿಯುತ್ತದೆ. ದೋಣಿ ಬಸ್ಸಿನ ನಿಲ್ದಾಣಕ್ಕೆ ಅಂಟಿಕೊಂಡಂತಿರುವ ವಸತಿ ಹಿಡಿಯಿರಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ದೋಣಿಯ ಬಿಡಿ ಟಿಕೆಟ್ 9.50 ಯೂರೊ, 75 ನಿಮಿಷ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ದಿನ ಇರುವವರು ಪಾಸ್ ಕೊಂಡರೆ ಅಮ್ಮ ಕುಳಿತಲ್ಲೇ ಅರ್ಧ ಊರು ನೋಡಬಹುದು. ಹಳೆಯ ಕಟ್ಟಡದ ವಸತಿಗಳಲ್ಲಿ ಲಿಫ್ಟ್ ಇದೆಯೇ ಎಂದು ಮೊದಲೇ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ಹಣ ಕಟ್ಟಿ.

ಊಟದ ವಿಷಯ. ಟೊಮೆಟೊ ಪಾಸ್ತಾ, ಚೀಸ್ ಇಲ್ಲದ ಮರಿನಾರಾ ಪಿಜ್ಜಾ ಎಲ್ಲೆಡೆ ಸಿಗುತ್ತವೆ. ಪರ್ಮೆಸಾನ್ ಚೀಸ್ ತಯಾರಿಸಲು ಕರುವಿನ ಜಠರದ ಕಿಣ್ವ ಬಳಸುತ್ತಾರೆ. ಶುದ್ಧ ಸಸ್ಯಾಹಾರಿಗಳು ಅದನ್ನು ಉದುರಿಸಬೇಡಿ ಎಂದು ಮೊದಲೇ ಹೇಳಬೇಕು. ಫ್ಲಾರೆನ್ಸ್‌ನಲ್ಲಿ ರಿಬೊಲ್ಲಿತಾ ಎಂಬ ಬ್ರೆಡ್ಡು, ಹುರುಳಿಕಾಯಿಯ ಬೀಜ, ಸೊಪ್ಪು ಸೇರಿಸಿ ಕುದಿಸಿದ ಸಾರು ಸಿಗುತ್ತದೆ, ಮಾಂಸದ ನೀರು ಹಾಕಿಲ್ಲವೇ ಎಂದು ವಿಚಾರಿಸಿ ತಿನ್ನಿ. ವೆನಿಸ್ ಕಡೆಯ ಪೊಲೆಂಟಾ ಮೆಕ್ಕೆಜೋಳದ ಹಿಟ್ಟನ್ನು ತಿರುವಿ ಮಾಡಿದ್ದು, ನನ್ನ ಗಂಡ ಅದನ್ನು ಹಳದಿ ಮುದ್ದೆ ಎಂದೇ ಕರೆದು ದಿನವೂ ತಿಂದರು. ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡ ಬೇಡ, ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪ್ ಒಕ್ಕೂಟಕ್ಕೆ ತರಲು ಬಿಡುವುದಿಲ್ಲ.

ತಿಪಟೂರಿನವರು ಹೇಳಿದ ಆರೋಗ್ಯದ ಭಯ ನಿಜ. ಅದಕ್ಕೆ ಉತ್ತರ ಒಳ್ಳೆಯ ವಿಮೆ. ವೀಸಾಗೆ ಹೇಗೂ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹಿರಿಯರಿಗೆ ಅದಕ್ಕಿಂತ ದೊಡ್ಡದನ್ನೇ ಮಾಡಿಸಿ, ಮೊದಲೇ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ.

ಗೌರಿಬಿದನೂರಿನ ಮಗ

ಅಕ್ಕ, ತುಂಬಾ ಉಪಕಾರವಾಯಿತು. ಅಮ್ಮನಿಗೆ ಓದಿ ಹೇಳಿದೆ. ಗುಮ್ಮಟ ಹತ್ತುವುದಿಲ್ಲ, ದೋಣಿಯಲ್ಲಿ ಕೂರುತ್ತೇನೆ ಎಂದರು. ವೀಸಾ ಎಷ್ಟು ಮೊದಲು ಹಾಕಬೇಕು?

ಕೋಲಾರ ಕೆರೆ ಏರಿ

ಷೆಂಗೆನ್ ವೀಸಾಗೆ (ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಗಡುವಿನವರೆಗೆ ಕಾಯಬೇಡಿ, ಬೇಸಿಗೆಯ ಮೊದಲು ಬೆಂಗಳೂರಿನಲ್ಲಿ ಭೇಟಿಯ ದಿನಾಂಕ ಸಿಗುವುದೇ ತ್ರಾಸ. ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಒಂದಕ್ಕಿಂತ ಹೆಚ್ಚು ದೇಶವಿದ್ದರೆ ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ. ಪಿಂಚಣಿಯ ದಾಖಲೆ, ಬ್ಯಾಂಕ್ ವಿವರ, ವಸತಿ ಮತ್ತು ವಿಮಾನದ ಕಾಯ್ದಿರಿಸುವಿಕೆ ಎಲ್ಲದರಲ್ಲೂ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ನಮ್ಮ ಕಡೆ ತಂದೆಯ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಹಿಂದೆ ಮುಂದೆ ಆಗುವುದರಿಂದ ಇಲ್ಲಿಯೇ ಹೆಚ್ಚು ತೊಡಕು.

ಜೇಬುಗಳ್ಳರ ಬಗ್ಗೆಯೂ ಅಪ್ಪನಿಗೆ ಹೇಳಿ. ರೋಮ್‌ನ ಟೆರ್ಮಿನಿ ನಿಲ್ದಾಣ, ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರ್ ಬಸ್ ಅದಕ್ಕೆ ಹೆಸರುವಾಸಿ. ಪಾಸ್‌ಪೋರ್ಟನ್ನು ಒಳಚೀಲದಲ್ಲಿಡಿ. ಕಳೆದರೆ ರೋಮ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಉತ್ತರದ ಕಡೆಯವರಿಗೆ ಮಿಲಾನ್‌ನಲ್ಲಿ ಕಾನ್ಸುಲೇಟ್ ಇದೆ.

ಕ್ಯಾತ್ಸಂದ್ರದ ಟೀಚರ್

ತಿಪಟೂರಿನವರ ಮಾತನ್ನು ಯೋಚಿಸಿದೆ. ಅಡುಗೆಯವರಿರುವ ಗುಂಪಿನಲ್ಲಿ ಹೋದ ಹಿರಿಯರು ನೆಮ್ಮದಿಯಿಂದ ಬಂದಿದ್ದರೆ ಅದು ಒಳ್ಳೆಯದೇ. ಆದರೂ ವಯಸ್ಸಾದವರಿಗೆ ನಿಧಾನ ಹೆಚ್ಚು ಬೇಕು, ಮತ್ತು ಗುಂಪಿನ ಬಸ್ಸಿನಲ್ಲಿ ಸಿಗದ ವಸ್ತು ನಿಧಾನವೇ. ಬೆಳಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಚೌಕದಲ್ಲಿ ಕುಳಿತು ಜನರನ್ನು ನೋಡುವುದು. ಇದಕ್ಕೆ ಮೂರು ಊರೇ ಹೆಚ್ಚು. ಗೌರಿಬಿದನೂರಿನವರೇ, ನಿಮ್ಮ ತಂದೆ ತಾಯಿಗೆ ಎರಡೇ ಊರು ಸಾಕು ಎನ್ನುತ್ತೇನೆ.

ಈಗ ಉಳಿದ ಎರಡು ಊರು. ಫ್ಲಾರೆನ್ಸ್‌ನಲ್ಲಿ ನೀರು ನಮಗೆ ಬೇರೆ ಮುಖ ತೋರಿಸಿತು. 1966ರ ನವೆಂಬರ್ 4ರಂದು ಆರ್ನೊ ನದಿ ದಂಡೆ ಮೀರಿ ಊರೊಳಗೆ ನುಗ್ಗಿತು. ಕೆಲವೆಡೆ ನೀರು 6 ಮೀಟರಿಗೂ ಮೇಲೆ ನಿಂತಿತ್ತು. ಸಾಂತಾ ಕ್ರೋಚೆ ಚರ್ಚಿನ ಸುತ್ತಿನ ಬೀದಿಗಳಲ್ಲಿ ಗೋಡೆಯ ಮೇಲೆ ಅಂದಿನ ಮಟ್ಟವನ್ನು ತೋರಿಸುವ ಫಲಕಗಳಿವೆ, ತಲೆಯೆತ್ತಿ ನೋಡಬೇಕಾಗುತ್ತದೆ. ಚಿಮಬುಯೆ ಎಂಬ ಹಳೆಯ ಕಲಾವಿದ ಬರೆದ ಶಿಲುಬೆಯ ಚಿತ್ರದ ಬಣ್ಣ ಬಹುಪಾಲು ಕಿತ್ತುಹೋಯಿತು. ನದಿಯ ಪಕ್ಕದಲ್ಲೇ ಇರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೆಸರು ತುಂಬಿತು. ನಾನಾ ದೇಶಗಳಿಂದ ಬಂದ ತರುಣ ತರುಣಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಅವರನ್ನು ಕೆಸರಿನ ದೇವತೆಗಳು ಎಂದು ಆ ಊರು ಇಂದಿಗೂ ಪ್ರೀತಿಯಿಂದ ನೆನೆಯುತ್ತದೆ. ನನ್ನ ಮಟ್ಟಿಗೆ ಉಫೀಜಿ ಗ್ಯಾಲರಿಗಿಂತ ಆ ಫಲಕಗಳ ಮುಂದೆ ನಿಂತದ್ದೇ ಹೆಚ್ಚು. (ಉಫೀಜಿ, ಅಕಾಡೆಮಿಯಾ ಎರಡಕ್ಕೂ ಸೋಮವಾರ ರಜೆ, ಟಿಕೆಟ್ ಮೊದಲೇ ಕಾಯ್ದಿರಿಸಿ.)

ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಚಿಲ್ಲರೆ. ಸ್ಥಳೀಯ ರೈಲಿನ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ.

ವೆನಿಸ್. ನಾನು ಇದಕ್ಕಾಗಿಯೇ ಇಷ್ಟು ದೂರ ಬರೆದೆ. ಸುತ್ತಲೂ ನೀರು, ಕುಡಿಯಲು ಮಾತ್ರ ಒಂದು ಹನಿಯೂ ಇಲ್ಲದ ಊರು ಅದು. ಹಿನ್ನೀರೆಲ್ಲ ಉಪ್ಪು. ಆ ಜನ ನೂರಾರು ವರ್ಷ ಬದುಕಿದ್ದು ಮಳೆನೀರಿನ ಮೇಲೆ. ಪ್ರತಿ ಸಣ್ಣ ಚೌಕದ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ಪ್ರವಾಸಿಗರು ಅದರ ಮೇಲೆ ಐಸ್‌ಕ್ರೀಮ್ ಇಟ್ಟುಕೊಂಡು ನಿಲ್ಲುತ್ತಾರೆ. ಆ ಕಟ್ಟೆ ಕೇವಲ ಬಾಯಿ, ನಿಜವಾದ ಬಾವಿ ಇಡೀ ಚೌಕದ ಅಡಿಯಲ್ಲಿದೆ. ಚೌಕವನ್ನು ಆಳಕ್ಕೆ ತೋಡಿ, ಉಪ್ಪುನೀರು ಒಳಬಾರದಂತೆ ಸುತ್ತಲೂ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆ ಎಬ್ಬಿಸುತ್ತಿದ್ದರು. ಚೌಕದ ನೆಲಹಾಸಿಗೆ ಇಳಿಜಾರು ಕೊಟ್ಟು ಮಳೆನೀರನ್ನು ಕಲ್ಲಿನ ಜಾಲಂಧ್ರಗಳಿಗೆ ತಿರುಗಿಸುತ್ತಿದ್ದರು. ನೀರು ಮರಳಿನಲ್ಲಿ ಸೋಸಿ ನಡುವಿನ ಕೊಳವೆಗೆ ಬರುತ್ತಿತ್ತು. ಬಾವಿಯ ಬಾಯಿಗೆ ಕಬ್ಬಿಣದ ಮುಚ್ಚಳ, ಬೀಗ. ಬೀಗದ ಕೈ ಆ ಕೇರಿಯ ಹಿರಿಯರ ಬಳಿ. ಗಂಟೆ ಬಾರಿಸಿದಾಗ ಬೀಗ ತೆರೆದು ಜನರಿಗೆ ನೀರು. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿಯ ಕೆಲಸವೇ ಅದು. 1884ರಲ್ಲಿ ಮುಖ್ಯಭೂಮಿಯಿಂದ ಕೊಳವೆ ನೀರು ಬಂತು, ಬಾವಿಗಳು ಮುಚ್ಚಿಕೊಂಡವು.

ನಮ್ಮ ಮನೆಯವರು ಒಂದು ಚೌಕದ ಜಾಲಂಧ್ರದಿಂದ ಬಾವಿಕಟ್ಟೆಗೆ ಇರುವ ದೂರವನ್ನು ಹೆಜ್ಜೆಯಿಂದ ಅಳೆದರು. ಒಬ್ಬ ಅಜ್ಜಿ ಕಿಟಕಿಯಿಂದ ನೋಡಿ, ಕೆಳಗಿಳಿದು ಬಂದು, ಇಟಾಲಿಯನ್‌ನಲ್ಲೇ ಕೈಸನ್ನೆ ಮಾಡಿ ಎಲ್ಲವನ್ನೂ ವಿವರಿಸಿದರು. ಭಾಷೆ ಬಾರದ ಇಬ್ಬರೂ ಅರ್ಧ ಗಂಟೆ ಮಾತಾಡಿದರು.

ವೆನಿಸ್‌ಗೆ ಹಗಲು ಬಂದು ಸಂಜೆ ಹೋಗುವವರಿಗೆ 2024ರಿಂದ ಕೆಲವು ಜನದಟ್ಟಣೆಯ ದಿನಗಳಲ್ಲಿ ಪ್ರವೇಶ ಶುಲ್ಕವಿದೆ. ಮೊದಲು 5 ಯೂರೊ ಇತ್ತು, 2025ರಿಂದ ತಡವಾಗಿ ಕಾಯ್ದಿರಿಸಿದವರಿಗೆ 10 ಯೂರೊ. ಊರಿನಲ್ಲೇ ರಾತ್ರಿ ತಂಗುವವರಿಗೆ ಅದು ಇಲ್ಲ, ವಸತಿಯವರು ಪಡೆಯುವ ನಗರ ತೆರಿಗೆ ಮಾತ್ರ. ದಯವಿಟ್ಟು ರಾತ್ರಿ ಉಳಿಯಿರಿ. ಸಂಜೆ ಆರರ ನಂತರ ಗುಂಪುಗಳು ಹೊರಟು ಊರು ಮತ್ತೆ ಅಲ್ಲಿನವರದ್ದಾಗುತ್ತದೆ.

ಪಾವಗಡ ಕೋಟೆ

ಬಾವಿಯ ವಿವರ ಓದಿ ನನ್ನ ಮಾತಿನ ಬಿಸಿ ತಣಿಯಿತು. ನಮ್ಮ ಪಾವಗಡದಲ್ಲಿ ಕುಡಿಯುವ ನೀರಿನ ಫ್ಲೋರೈಡ್ ತೊಂದರೆ ಏನೆಂದು ಎಲ್ಲರಿಗೂ ಗೊತ್ತು. ಮಳೆನೀರನ್ನು ಮರಳಿನಲ್ಲಿ ಸೋಸಿ ಒಂದಿಡೀ ನಗರ ಕುಡಿದಿತ್ತು ಎಂಬುದು ನಮ್ಮ ಶಾಲಾ ಮಕ್ಕಳಿಗೆ ತಿಳಿಯಬೇಕು. ಮೇಡಂ, ನಿಮ್ಮ ಯಜಮಾನರು ಆ ಚೌಕದ ಅಡ್ಡಕೊಯ್ತದ ಚಿತ್ರ ಬರೆದುಕೊಟ್ಟರೆ ನಮ್ಮ ಊರಿನ ಪ್ರೌಢಶಾಲೆಯ ಗೋಡೆಗೆ ಹಾಕಿಸುತ್ತೇನೆ. ಹೊರದೇಶದ ಖರ್ಚಿನ ಬಗ್ಗೆ ನನ್ನ ಅಭಿಪ್ರಾಯ ಅದೇ ಇದೆ, ಆದರೆ ನೀವು ತಂದದ್ದನ್ನು ಹಂಚುತ್ತಿದ್ದೀರಿ, ಅದಕ್ಕೆ ಕೈಮುಗಿಯುತ್ತೇನೆ.

ಚಿಂತಾಮಣಿಯವಳು

ಯಾವ ತಿಂಗಳು ಎಂದು ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ರೋಮ್‌ನ ಕಲ್ಲುಹಾಸು ಕಾದು ಕೆಂಡವಾಗುತ್ತದೆ. ನವೆಂಬರ್‌ನಲ್ಲಿ ವೆನಿಸ್‌ಗೆ ಸಮುದ್ರದ ನೀರು ಏರುವ ಕಾಲ. 2019ರ ನವೆಂಬರ್‌ನಲ್ಲಿ ಅದು 187 ಸೆಂಟಿಮೀಟರ್ ಮುಟ್ಟಿತ್ತು. 2020ರ ಅಕ್ಟೋಬರ್‌ನಿಂದ ಕಡಲ ಬಾಯಿಗಳಲ್ಲಿ ಏಳುವ ತಡೆಬಾಗಿಲುಗಳು ಕೆಲಸ ಮಾಡುತ್ತಿವೆ. ಚರ್ಚುಗಳೊಳಗೆ ಹೋಗಲು ಭುಜ, ಮಂಡಿ ಮುಚ್ಚಿರಬೇಕು. ಸೀರೆ ಉಟ್ಟವರಿಗೆ ಆ ಚಿಂತೆಯೇ ಇಲ್ಲ.

ಶಿವಾರಪಟ್ಟಣದ ಉಳಿ

ಪ್ಯಾಂಥಿಯನ್ ಒಳಗೆ ಹೋಗಲಾಗದ ಕೋಲಾರದವರಿಗೆ ಒಂದು ಮಾತು. 2023ರ ಜುಲೈನಿಂದ ಒಳಹೋಗಲು 5 ಯೂರೊ ಇದೆ, ಅದನ್ನು ಕೊಟ್ಟು ಸಾವಕಾಶವಾಗಿ ನೋಡಿ. ಗುಮ್ಮಟದ ಅಡ್ಡಗಲ 43.3 ಮೀಟರ್, ನೆಲದಿಂದ ತುದಿಯ ಎತ್ತರವೂ ಅಷ್ಟೇ. ಒಳಗೆ ಕಬ್ಬಿಣವಿಲ್ಲದ ಕಾಂಕ್ರೀಟ್. ಕೆಳಗೆ ಭಾರದ ಕಲ್ಲುಚೂರು, ಮೇಲೆ ಹೋದಂತೆ ಹಗುರವಾದ ಜ್ವಾಲಾಮುಖಿ ಕಲ್ಲು ಬೆರೆಸಿದ್ದಾರೆ. ತುದಿಯ ತೆರೆದ ಕಣ್ಣಿನಿಂದ ಮಳೆ ನೇರ ಒಳಗೆ ಬೀಳುತ್ತದೆ. ಟೀಚರ್ ಮೇಡಂ ಅವರ ನೀರಿನ ಎಳೆಗೆ ಇದೂ ಸೇರುತ್ತದೆ: ನೆಲ ನಡುವೆ ತುಸು ಉಬ್ಬಿದೆ, ಸಣ್ಣ ತೂತುಗಳಿಂದ ನೀರು ಬಸಿದುಹೋಗುತ್ತದೆ.

ಕ್ಯಾತ್ಸಂದ್ರದ ಟೀಚರ್

ಆ ತೂತುಗಳನ್ನು ನಾವೂ ಎಣಿಸಿ ನೋಡಿದೆವು. ಪಾವಗಡದವರೇ, ಚಿತ್ರ ಈ ವಾರವೇ ಸಿದ್ಧವಾಗುತ್ತದೆ. ನಮ್ಮ ಮನೆಯವರು ಈಗಾಗಲೇ ಅಳತೆಪಟ್ಟಿ, ಪೆನ್ಸಿಲ್ ಹಿಡಿದು ಊಟದ ಮೇಜನ್ನು ಆಕ್ರಮಿಸಿದ್ದಾರೆ. ಜೇಡಿಮಣ್ಣಿನ ಪದರ, ಮರಳು, ಕೊಳವೆ, ಜಾಲಂಧ್ರ ಎಲ್ಲದಕ್ಕೂ ಕನ್ನಡದಲ್ಲೇ ಹೆಸರು ಬರೆಯಲು ಹೇಳಿದ್ದೇನೆ. ದೊಡ್ಡ ಹಾಳೆಯಲ್ಲಿ ಬೇಕೇ, ಅಥವಾ ಶಾಲೆಯವರು ಗೋಡೆಗೆ ನೇರವಾಗಿ ಬಣ್ಣದಲ್ಲಿ ಬರೆಸುತ್ತಾರೆಯೇ ತಿಳಿಸಿ, ಅದಕ್ಕೆ ತಕ್ಕ ಅಳತೆಯಲ್ಲಿ ಮಾಡಿಸುತ್ತೇನೆ.